ಗಣಕಯಂತ್ರದ ಹುಳು ಹರಡುವ ಬಗೆ

ಹುಳು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬೇಳೆಯ ಡಬ್ಬಿಗೆ ಹತ್ತಿದ ನುಸಿ, ಬದನೆಕಾಯಿಯನ್ನು ಒಳಗಿನಿಂದ ಕೊರೆದ ಹುಳು, ಹಳೆಯ ಓಲೆಗರಿಯ ಕಟ್ಟಿನಲ್ಲಿ ತೂತು ಮಾಡಿದ ಕೀಟ. ಇವೆಲ್ಲ ಜೀವವುಳ್ಳವು, ತಿನ್ನುತ್ತವೆ, ಹೆಚ್ಚುತ್ತವೆ, ಸಾಯುತ್ತವೆ. ಗಣಕಯಂತ್ರಕ್ಕೂ ಹುಳು ಹತ್ತಿತೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರು, ಲೋಹ ಗಾಜುಗಳಿಂದಾದ ಆ ಪೆಟ್ಟಿಗೆಯಲ್ಲಿ ಹುಳುವಿಗೆ ತಿನ್ನಲು ಏನಿದೆ, ಒಂದು ದೇಶದ ಯಂತ್ರದಿಂದ ಇನ್ನೊಂದು ದೇಶದ ಯಂತ್ರಕ್ಕೆ ಅದು ಯಾವ ಕಾಲಿನಿಂದ ನಡೆದುಹೋಗುತ್ತದೆ ಎಂದು ಬೆರಗಾಗುವುದು ಸಹಜವೇ. ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ಮುಖ್ಯವಾದುದು. ಹುಳುವಿನ ನಡಿಗೆಯನ್ನು ತಿಳಿದವನಿಗೆ ಅದನ್ನು ತಡೆಯುವ ಉಪಾಯವೂ ಅರ್ಧಕ್ಕಿಂತ ಹೆಚ್ಚು ತಿಳಿದಂತೆಯೇ.

ಗಣಕಯಂತ್ರದಿಂದ ಯಾವ ಕೆಲಸವನ್ನು ಮಾಡಿಸಬೇಕಾದರೂ ಅದಕ್ಕೆ ಆದೇಶಗಳ ಒಂದು ಪಟ್ಟಿಯನ್ನು ಬರೆದುಕೊಡಬೇಕು. ಇದನ್ನೇ ಪ್ರೋಗ್ರಾಮು ಎನ್ನುತ್ತೇವೆ. ಹುಳುವೆಂಬುದೂ ಇಂಥ ಒಂದು ಆದೇಶಪಟ್ಟಿಯೇ ಹೊರತು ಬೇರೆಯಲ್ಲ. ಅದರಲ್ಲಿ ಬರೆದಿರುವುದರ ಸಾರ ಇಷ್ಟು: ನನ್ನದೊಂದು ಪ್ರತಿಯನ್ನು ಮಾಡು, ಅದನ್ನು ಇನ್ನೊಂದು ಯಂತ್ರಕ್ಕೆ ಕಳುಹಿಸು, ಅಲ್ಲಿಯೂ ಇದೇ ಕೆಲಸ ನಡೆಯುವಂತೆ ನೋಡಿಕೋ. ಹಿಂದೆ ಒಂದು ಕಾವ್ಯ ಊರಿಂದೂರಿಗೆ ಹರಡಬೇಕಾದರೆ ಲಿಪಿಕಾರನೊಬ್ಬ ಕಂಠವನ್ನು ಹಿಡಿದು ಓಲೆಯ ಮೇಲೆ ಪ್ರತಿ ಮಾಡಬೇಕಾಗಿತ್ತು. ಲಿಪಿಕಾರನ ಹಂಗಿಲ್ಲದೆ ತನ್ನನ್ನು ತಾನೇ ಪ್ರತಿ ಮಾಡಿಕೊಂಡು, ತಾನೇ ಮುಂದಿನ ಊರಿಗೆ ಹೊರಡುವ ಗ್ರಂಥವೊಂದನ್ನು ಊಹಿಸಿಕೊಂಡರೆ ಗಣಕದ ಹುಳು ಏನೆಂಬುದು ತಿಳಿಯುತ್ತದೆ. ವೈರಸ್ ಎಂಬುದಕ್ಕೂ ಇದಕ್ಕೂ ಇರುವ ಭೇದ ಇಲ್ಲಿಯೇ. ವೈರಸ್ಸು ಇನ್ನೊಂದು ಕಡತವನ್ನೋ ಪ್ರೋಗ್ರಾಮನ್ನೋ ಆಶ್ರಯಿಸಿಕೊಂಡಿರುತ್ತದೆ. ಅದನ್ನು ಯಾರಾದರೂ ತೆರೆದಾಗಲೇ ಅದಕ್ಕೆ ಚಲನೆ. ಹುಳುವಿಗೆ ಅಂಥ ಕಾಯುವಿಕೆ ಇಲ್ಲ. ಯಂತ್ರದ ಒಡೆಯ ಮಲಗಿ ನಿದ್ರಿಸುತ್ತಿದ್ದರೂ ಅದರ ಕೆಲಸ ಸಾಗುತ್ತದೆ.

ಈ ಹೆಸರು ಬಂದ ಬಗೆಯೂ ತಿಳಿಯತಕ್ಕದ್ದೇ. 1975ರಲ್ಲಿ ಜಾನ್ ಬ್ರನರ್ ಎಂಬ ಇಂಗ್ಲಿಷ್ ಕಾದಂಬರಿಕಾರ, ಯಂತ್ರಗಳ ಜಾಲದಲ್ಲಿ ಹರಿದಾಡುವ ಲಾಡಿಹುಳುವಿನಂಥ ಪ್ರೋಗ್ರಾಮೊಂದನ್ನು ತನ್ನ ಕಥೆಯಲ್ಲಿ ಕಲ್ಪಿಸಿದ. ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಜಾನ್ ಶೋಕ್ ಮತ್ತು ಜಾನ್ ಹಪ್ ಎಂಬುವರು ಆ ಹೆಸರನ್ನು ಎತ್ತಿಕೊಂಡು, ಬಿಡುವಾಗಿರುವ ಯಂತ್ರಗಳಲ್ಲಿ ಕೆಲಸ ಹಂಚುವ ತಮ್ಮ ಪ್ರಯೋಗಗಳಿಗೆ ಇಟ್ಟು, 1982ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಹೀಗೆ ಹುಳು ಮೊದಲು ಹುಟ್ಟಿದ್ದು ಉಪಕಾರಕ್ಕೇ. 1988ರ ನವೆಂಬರ್ 2ರಂದು ಅಮೆರಿಕದ ವಿಶ್ವವಿದ್ಯಾನಿಲಯಗಳ ಯಂತ್ರಗಳನ್ನು ನಿಲ್ಲಿಸಿಬಿಟ್ಟ ಮಾರಿಸ್ ಹುಳುವಿನಿಂದ ಈಚೆಗೆ ಆ ಹೆಸರು ಉಪದ್ರವದ ಹೆಸರಾಯಿತು.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಪಾಠಾಂತರವೆಂಬುದು ಹೊಸತಲ್ಲ. ಒಂದೇ ಕಾವ್ಯದ ಎರಡು ಪ್ರತಿಗಳನ್ನು ಹೋಲಿಸಿದರೆ ಒಂದರಲ್ಲಿದ್ದ ಅಕ್ಷರ ಇನ್ನೊಂದರಲ್ಲಿ ಬೇರೆಯಾಗಿರುತ್ತದೆ. ಕೆಲವು ಸಲ ಆ ಒಂದು ಅಕ್ಷರದಿಂದ ಪದ್ಯದ ಅರ್ಥವೇ ತಿರುಗಿಬಿಡುತ್ತದೆ. ಹುಳುಗಳಿಗೂ ಪಾಠಾಂತರಗಳುಂಟು. ಆದರೆ ಅವು ಲಿಪಿಕಾರನ ಕೈತಪ್ಪಿನಿಂದ ಆದವಲ್ಲ. ಯಾರೋ ಬೇಕೆಂದೇ ತಿದ್ದಿ ಬಿಟ್ಟವು. ಒಂದು ಸಣ್ಣ ತಿದ್ದುಪಡಿಯಿಂದ ಎಷ್ಟು ದೊಡ್ಡ ಅನಾಹುತವಾಗಬಹುದು ಎಂಬುದಕ್ಕೆ 2001ನೆಯ ಇಸವಿಯ ಕೋಡ್ ರೆಡ್ ಹುಳುವಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಆಗ ಜಾಲಪುಟಗಳನ್ನು ಒದಗಿಸುತ್ತಿದ್ದ ಯಂತ್ರಗಳಲ್ಲಿ ಅನೇಕವು ಮೈಕ್ರೋಸಾಫ್ಟ್ ಕಂಪನಿಯ ಐ.ಐ.ಎಸ್. ಎಂಬ ಪ್ರೋಗ್ರಾಮನ್ನು ನಡೆಸುತ್ತಿದ್ದವು. ಕೇಳಿದವರಿಗೆ ಕೇಳಿದ ಪುಟವನ್ನು ತೆಗೆದುಕೊಡುವುದು ಅದರ ಕೆಲಸ. ಪುಟಗಳಲ್ಲಿ ಬೇಕಾದ ಮಾತನ್ನು ಹುಡುಕಿಕೊಡುವ ಒಂದು ಉಪಾಂಗವೂ ಅದಕ್ಕೆ ಅಂಟಿಕೊಂಡಿತ್ತು. ಬಹು ಮಂದಿಗೆ ಈ ಉಪಾಂಗದ ಅಗತ್ಯವೇ ಇರಲಿಲ್ಲ. ಆದರೂ ಯಂತ್ರದೊಡನೆ ಅದು ತಾನಾಗಿ ಬಂದು ಕುಳಿತಿರುತ್ತಿತ್ತು. ಲೋಪವಿದ್ದದ್ದು ಈ ಉಪಾಂಗದಲ್ಲಿ.

ಆ ಲೋಪವನ್ನು ಶಾಲೆಯ ರಿಜಿಸ್ಟರಿನ ಹೋಲಿಕೆಯಿಂದ ವಿವರಿಸಬಹುದು. ರಿಜಿಸ್ಟರಿನಲ್ಲಿ ಹೆಸರು ಬರೆಯಲು ಒಂದು ಮನೆ, ಅದರ ಪಕ್ಕದಲ್ಲಿ ಮುಖ್ಯೋಪಾಧ್ಯಾಯರ ಆದೇಶಕ್ಕೆಂದು ಇನ್ನೊಂದು ಮನೆ ಇದೆಯೆಂದು ಇಟ್ಟುಕೊಳ್ಳಿ. ಜವಾನನು ಆದೇಶದ ಮನೆಯಲ್ಲಿ ಏನು ಬರೆದಿದೆಯೋ ಅದನ್ನು ಯೋಚಿಸದೆ ನಡೆಸುತ್ತಾನೆ. ಹೆಸರು ಇಷ್ಟೇ ಉದ್ದವಿರಬೇಕೆಂದು ಗುಮಾಸ್ತ ಅಳತೆ ನೋಡದಿದ್ದರೆ, ಒಬ್ಬ ಕಿಡಿಗೇಡಿ ಬೇಕೆಂದೇ ಉದ್ದವಾದ ಹೆಸರನ್ನು ಕೊಡಬಹುದು. ಅದರ ಬಾಲ ಪಕ್ಕದ ಮನೆಗೆ ಚಾಚಿಕೊಂಡು, ಅಲ್ಲಿದ್ದ ಆದೇಶವನ್ನು ಅಳಿಸಿ, ತಾನೇ ಆದೇಶವಾಗಿ ಕುಳಿತುಬಿಡುತ್ತದೆ. ಜವಾನನಿಗೆ ಭೇದ ತಿಳಿಯದು. ಗಣಕಯಂತ್ರದ ಸ್ಮರಣಕೋಶದಲ್ಲಿಯೂ ಹೀಗೆ ಮನೆಗಳು ಒಂದರ ಪಕ್ಕದಲ್ಲಿ ಒಂದು ಇರುತ್ತವೆ. ಕೋಡ್ ರೆಡ್ ಹುಳು ಕಳುಹಿಸುತ್ತಿದ್ದ ಕೋರಿಕೆಯಲ್ಲಿ ಎನ್ ಎಂಬ ಒಂದೇ ಅಕ್ಷರ ಇನ್ನೂರಕ್ಕೂ ಹೆಚ್ಚು ಸಲ ಬರುತ್ತಿತ್ತು. ಅದು ಮನೆಯನ್ನು ತುಂಬಿಸಿ ಹೊರಚೆಲ್ಲುವುದಕ್ಕಾಗಿ ಹಾಕಿದ ಹೊಟ್ಟು. ಆ ಹೊಟ್ಟಿನ ಬೆನ್ನಿಗೆ ಬರುತ್ತಿದ್ದದ್ದೇ ನಿಜವಾದ ಹುಳು.

ಈ ಲೋಪವನ್ನು ಕಂಡುಹಿಡಿದವರು ಕ್ಯಾಲಿಫೋರ್ನಿಯದ ಈ-ಐ ಡಿಜಿಟಲ್ ಸೆಕ್ಯುರಿಟಿ ಎಂಬ ಸಂಸ್ಥೆಯವರು. ಮೈಕ್ರೋಸಾಫ್ಟ್ ಕಂಪನಿ 2001ರ ಜೂನ್ 18ರಂದು ಲೋಪವನ್ನು ಪ್ರಕಟಿಸಿ, ಅದನ್ನು ಮುಚ್ಚುವ ತೇಪೆಯನ್ನೂ ಅದೇ ದಿನ ಬಿಡುಗಡೆ ಮಾಡಿತು. ಈ ತಾರೀಖನ್ನು ದಯಮಾಡಿ ನೆನಪಿನಲ್ಲಿಡಿ. ಹುಳು ಕಾಣಿಸಿಕೊಂಡದ್ದು ಅದಾದ ಮೇಲೆ, ಜುಲೈ 12-13ರ ಹೊತ್ತಿಗೆ. ಅದನ್ನು ಬಿಡಿಸಿ ಪರೀಕ್ಷಿಸಿದವರೂ ಅದೇ ಸಂಸ್ಥೆಯವರೇ. ರಾತ್ರಿಯೆಲ್ಲ ಎಚ್ಚರವಾಗಿರಲು ಅವರು ಕುಡಿಯುತ್ತಿದ್ದ ಕೆಂಪು ಪಾನೀಯದ ಹೆಸರು ಕೋಡ್ ರೆಡ್. ಅದನ್ನೇ ಹುಳುವಿಗೆ ಇಟ್ಟರು.

ಹುಳುವಿಗೆ ತನ್ನದೇ ಆದ ಪಂಚಾಂಗವಿತ್ತು. ತಿಂಗಳ ಒಂದರಿಂದ ಹತ್ತೊಂಬತ್ತನೆಯ ತಾರೀಖಿನವರೆಗೆ ಹರಡುವುದು. ಇಪ್ಪತ್ತರಿಂದ ಇಪ್ಪತ್ತೇಳರವರೆಗೆ ಅಮೆರಿಕದ ಅಧ್ಯಕ್ಷರ ಶ್ವೇತಭವನದ ಜಾಲವಿಳಾಸದ ಮೇಲೆ ಕೋರಿಕೆಗಳ ಮಳೆ ಸುರಿಸುವುದು. ಇಪ್ಪತ್ತೆಂಟರಿಂದ ತಿಂಗಳ ಕೊನೆಯವರೆಗೆ ನಿದ್ರೆ. ಹೊಕ್ಕ ಯಂತ್ರದಲ್ಲಿ ಅದು ನೂರು ಎಳೆಗಳಾಗಿ ಕವಲೊಡೆಯುತ್ತಿತ್ತು. ತೊಂಬತ್ತೊಂಬತ್ತು ಎಳೆಗಳು ಹೊಸ ಯಂತ್ರಗಳನ್ನು ಹುಡುಕಲು. ನೂರನೆಯದು, ಆ ಯಂತ್ರ ಅಮೆರಿಕನ್ ಇಂಗ್ಲಿಷಿನದಾಗಿದ್ದರೆ, ಅದರ ಜಾಲಪುಟವನ್ನು ಕೆಡಿಸಲು. ಚೀನೀಯರು ಇದನ್ನು ಭೇದಿಸಿದ್ದಾರೆ ಎಂಬರ್ಥದ ಬರಹವೊಂದು ಪುಟದ ಮೇಲೆ ಕಾಣುತ್ತಿತ್ತು. ಯಾರ ಹೆಸರನ್ನು ಬೇಕಾದರೂ ಬರೆಯಬಹುದಾದುದರಿಂದ ಅದು ಕರ್ತೃವಿನ ಅಂಕಿತವೆಂದು ತಿಳಿಯಬೇಕಾದದ್ದಿಲ್ಲ. ಇನ್ನೊಂದು ವಿಚಿತ್ರ: ‘ಹುಳುವಲ್ಲ’ ಎಂಬರ್ಥದ ಹೆಸರಿನ ಕಡತವೊಂದು ಯಂತ್ರದಲ್ಲಿದ್ದರೆ ಹುಳು ಅಲ್ಲಿ ಏನೂ ಮಾಡದೆ ಸುಮ್ಮನಿರುತ್ತಿತ್ತು.

ಇನ್ನು ಅದು ಹೊಸ ಯಂತ್ರಗಳನ್ನು ಹುಡುಕುತ್ತಿದ್ದ ಬಗೆ. ಇದೇ ನಮ್ಮ ವಿಷಯದ ತಿರುಳು. ಇಂಟರ್ನೆಟ್ಟಿನಲ್ಲಿ ಯಂತ್ರಗಳಿಗೆ ಸಂಖ್ಯೆಯ ರೂಪದಲ್ಲಿ ವಿಳಾಸಗಳಿರುತ್ತವೆ. ಕೋಡ್ ರೆಡ್ ತಿಳಿದಿದ್ದ ವಿಳಾಸವೆಂದರೆ ಸೊನ್ನೆ ಅಥವಾ ಒಂದು ಎಂಬ ಅಂಕಿಗಳನ್ನು ಮೂವತ್ತೆರಡು ಸ್ಥಾನಗಳಲ್ಲಿ ಬರೆದದ್ದು. ಛಂದಸ್ಸನ್ನು ಓದಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಅಕ್ಷರ ಲಘುವಾಗಿರಬಹುದು ಇಲ್ಲವೆ ಗುರುವಾಗಿರಬಹುದು. ಆದುದರಿಂದ ಎರಡು ಅಕ್ಷರಕ್ಕೆ ನಾಲ್ಕು ಬಗೆ, ಮೂರು ಅಕ್ಷರಕ್ಕೆ ಎಂಟು ಬಗೆ. ನಮ್ಮ ಅಷ್ಟಗಣಗಳು ಇವೇ. ಅಕ್ಷರವೊಂದು ಹೆಚ್ಚಿದಂತೆಲ್ಲ ಪ್ರಸ್ತಾರ ಇಮ್ಮಡಿಯಾಗುತ್ತ ಹೋಗುತ್ತದೆ. ಅನುಷ್ಟುಪ್ ಶ್ಲೋಕವೊಂದರಲ್ಲಿ ಇರುವುದೂ ಮೂವತ್ತೆರಡೇ ಅಕ್ಷರ. ಅಷ್ಟು ಅಕ್ಷರಗಳ ಪ್ರಸ್ತಾರವನ್ನು ಪೂರ್ತಿಯಾಗಿ ಬರೆದರೆ 429,49,67,296 ಬಗೆಗಳಾಗುತ್ತವೆ. ಕೋಡ್ ರೆಡ್ ತಿಳಿದಿದ್ದ ಇಂಟರ್ನೆಟ್ ವಿಳಾಸಗಳೂ ಅಷ್ಟೇ. ಇವುಗಳಲ್ಲಿ ಎಷ್ಟೋ ಖಾಲಿ. ಎಷ್ಟೋ ಭದ್ರವಾದ ಮನೆಗಳು. ನಡುನಡುವೆ ಅಲ್ಲೊಂದು ಇಲ್ಲೊಂದು ಲೋಪವುಳ್ಳ ಯಂತ್ರ. ಈ ಅರಣ್ಯದಲ್ಲಿ ಹುಳು ಎಲ್ಲಿಂದ ಹುಡುಕಲು ಆರಂಭಿಸಬೇಕು?

ಹುಳುವಿನ ಕರ್ತೃ ಹೂಡಿದ ಉಪಾಯ ಕಣ್ಣುಮುಚ್ಚಿ ಆರಿಸುವುದು. ಯಾವುದೋ ಒಂದು ವಿಳಾಸ, ಆಮೇಲೆ ಇನ್ನಾವುದೋ ಒಂದು, ಹೀಗೆ. ಆದರೆ ಗಣಕಯಂತ್ರ ದಾಳ ಹಾಕಲಾರದು. ಅದಕ್ಕೆ ತಿಳಿದಿರುವುದು ಲೆಕ್ಕ ಮಾತ್ರ. ಆದಕಾರಣ ದಾಳ ಹಾಕಿದಂತೆ ತೋರುವ ಒಂದು ಲೆಕ್ಕವನ್ನು ಅದು ಮಾಡುತ್ತದೆ. ಮೊದಲಿಗೆ ಒಂದು ಸಂಖ್ಯೆಯನ್ನು ತೆಗೆದುಕೊಳ್ಳುತ್ತದೆ, ಇದನ್ನು ಬೀಜವೆನ್ನೋಣ. ಅದನ್ನು ಗುಣಿಸಿ, ಕೂಡಿಸಿ, ಬಂದ ಮೊತ್ತದ ಒಂದು ಭಾಗವನ್ನು ಇಟ್ಟುಕೊಂಡರೆ ಅದೇ ಎರಡನೆಯ ಸಂಖ್ಯೆ. ಅದರಿಂದ ಮೂರನೆಯದು, ಮೂರನೆಯದರಿಂದ ನಾಲ್ಕನೆಯದು.

ನೂರು ಮನೆಗಳ ಒಂದು ಊರಿದೆಯೆಂದು ಇಟ್ಟುಕೊಂಡು ನೀವೇ ಕಾಗದದ ಮೇಲೆ ಮಾಡಿನೋಡಬಹುದು. ಸಂಖ್ಯೆಯನ್ನು 21ರಿಂದ ಗುಣಿಸಿ, 3ನ್ನು ಕೂಡಿಸಿ, ಕೊನೆಯ ಎರಡು ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳಿ. 7ನ್ನು ಬೀಜವಾಗಿ ಹಿಡಿದರೆ 50, 53, 16, 39, 22 ಎಂಬ ಮನೆಗಳು ಕ್ರಮವಾಗಿ ಬರುತ್ತವೆ. 8ನ್ನು ಹಿಡಿದರೆ 71, 94, 77, 20, 23 ಎಂಬ ಬೇರೆಯೇ ಸಾಲು. ನೋಡಿದವರಿಗೆ ಗೊತ್ತುಗುರಿಯಿಲ್ಲದ ಸಾಲಿನಂತೆ ಕಾಣುತ್ತದೆ. ಆದರೂ ಬೀಜ ಒಂದೇ ಆಗಿದ್ದರೆ ಸಾಲೂ ಒಂದೇ. ಇಂದು ಮಾಡಿದರೂ ನಾಳೆ ಮಾಡಿದರೂ, ಇಲ್ಲಿ ಮಾಡಿದರೂ ಅಮೆರಿಕದಲ್ಲಿ ಮಾಡಿದರೂ, 7ರಿಂದ ಹೊರಟವನು 50ನೆಯ ಮನೆಯ ಬಾಗಿಲನ್ನೇ ಮೊದಲು ತಟ್ಟುತ್ತಾನೆ.

ಕೋಡ್ ರೆಡ್ಡಿನ ಮೊದಲ ಪಾಠದಲ್ಲಿ ಎಡವಿದ್ದು ಇಲ್ಲಿಯೇ. ಅದರಲ್ಲಿ ಬೀಜ ಬದಲಾಗುತ್ತಲೇ ಇರಲಿಲ್ಲ. ಒಂದು ಯಂತ್ರವನ್ನು ಹೊಕ್ಕ ಹುಳು ಯಾವ ಪಟ್ಟಿಯನ್ನು ಹಿಡಿದು ಹೊರಟಿತೋ, ಅದರ ಮರಿಯೂ ಮೊಮ್ಮರಿಯೂ ಅದೇ ಪಟ್ಟಿಯನ್ನು ಮೊದಲಿನಿಂದ ಹಿಡಿದು ಹೊರಡುತ್ತಿದ್ದವು. ನೂರು ಮಂದಿ ಅಂಚೆಯವರನ್ನು ನೇಮಿಸಿ ನೂರಕ್ಕೂ ಒಂದೇ ಬೀದಿಯನ್ನು ಕೊಟ್ಟ ಹಾಗಾಯಿತು. ಪಟ್ಟಿಯ ಮೊದಲಲ್ಲಿದ್ದ ಯಂತ್ರಗಳ ಮೇಲೆ ಹೊಡೆತದ ಮೇಲೆ ಹೊಡೆತ. ಪಟ್ಟಿಯ ಕೆಳಗಿದ್ದವುಗಳ ಕಡೆಗೆ ಸುಳಿದವರೇ ಇಲ್ಲ. ಹುಳು ನಿಧಾನವಾಗಿ ತೆವಳಿತು. ಲೋಕಕ್ಕೆ ಅದರಿಂದ ಹೆಚ್ಚಿನ ಬಾಧೆಯಾಗಲಿಲ್ಲ.

ಜುಲೈ 19ರಂದು ಗ್ರೀನಿಚ್ ಕಾಲಮಾನದ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ಎಂದರೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂವರೆಗೆ, ಎರಡನೆಯ ಪಾಠ ಹೊರಬಿತ್ತು. ಲೋಪ ಅದೇ, ಹೊಟ್ಟು ಅದೇ, ಪಂಚಾಂಗವೂ ಅದೇ. ಮುಖ್ಯವಾಗಿ ಬದಲಾಗಿದ್ದದ್ದು ಬೀಜ. ಈಗ ಪ್ರತಿಯೊಂದು ಯಂತ್ರದಲ್ಲಿಯೂ ಬೇರೆ ಬೇರೆ ಬೀಜ, ಆದುದರಿಂದ ಬೇರೆ ಬೇರೆ ಪಟ್ಟಿ. ಅಂಚೆಯವರು ನೂರು ಬೀದಿಗಳಿಗೆ ಹಂಚಿಹೋದರು. ಮುಂದಿನ ಹದಿನಾಲ್ಕು ಗಂಟೆಗಳೊಳಗಾಗಿ 3,59,000ಕ್ಕೂ ಹೆಚ್ಚು ಯಂತ್ರಗಳು ಹುಳುವಿನ ವಶವಾದವು. ಉಚ್ಛ್ರಾಯದ ಹೊತ್ತಿನಲ್ಲಿ ಒಂದು ನಿಮಿಷಕ್ಕೆ ಎರಡು ಸಾವಿರಕ್ಕೂ ಮೀರಿದ ಹೊಸ ಯಂತ್ರಗಳು ಬೀಳುತ್ತಿದ್ದವು.

ಇಷ್ಟು ವೇಗ ಹೇಗೆ ಬಂತೆಂದು ಕೇಳಬಹುದು. ಮೇಲಿನ ಅಂಕಿಗಳನ್ನೇ ಭಾಗಿಸಿ ನೋಡಿದರೆ, ಸುಮಾರು ಹನ್ನೆರಡು ಸಾವಿರ ವಿಳಾಸಗಳಿಗೆ ಒಂದರಂತೆ ಲೋಪವುಳ್ಳ ಯಂತ್ರವಿತ್ತೆಂದು ತಿಳಿಯುತ್ತದೆ. ಹನ್ನೆರಡು ಸಾವಿರ ಬಾಗಿಲು ತಟ್ಟಿದರೆ ತೆರೆಯುವುದು ಒಂದು. ಹೀಗಿದ್ದರೂ, ಆರಂಭದಲ್ಲಿ ಹುಳು ಹತ್ತಿದ ಯಂತ್ರಗಳ ಸಂಖ್ಯೆ ಸುಮಾರು ಮೂವತ್ತೇಳು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತಿತ್ತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಚದುರಂಗದ ಮನೆಗೊಂದರಂತೆ ಇಮ್ಮಡಿಸುತ್ತ ಕಾಳುಗಳನ್ನು ಕೇಳಿದವನ ಕಥೆ ನಮಗೆಲ್ಲ ಗೊತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹದಿನೆಂಟು ಸಲ ಇಮ್ಮಡಿಯಾದರೆ 2,62,144 ಆಗುತ್ತದೆ. ಹದಿನೆಂಟು ಮೂವತ್ತೇಳಲಿ 666 ನಿಮಿಷ. ಹನ್ನೊಂದು ಗಂಟೆಗೆ ಸ್ವಲ್ಪ ಮೇಲೆ. ಮೊದಲ ನಾಲ್ಕೈದು ಗಂಟೆ ಹುಳುವಿನ ಸುಳಿವೇ ಹತ್ತುವುದಿಲ್ಲ. ಸುಳಿವು ಹತ್ತಿದ ಮೇಲೆ ತಡೆಯಲು ಸಮಯವಿರುವುದಿಲ್ಲ. ಕೊನೆಯಲ್ಲಿ ವೇಗ ತಾನಾಗಿ ಇಳಿಯುತ್ತದೆ. ಹುಳುವಿಗೆ ದಯೆ ಹುಟ್ಟಿತೆಂದಲ್ಲ. ಹೊಗಲು ಹೊಸ ಮನೆ ಉಳಿದಿಲ್ಲವೆಂದು.

ವಶವಾದ ಯಂತ್ರಗಳಲ್ಲಿ ನೂರಕ್ಕೆ ನಲವತ್ತಮೂರು ಅಮೆರಿಕದವು, ಹನ್ನೊಂದು ಕೊರಿಯಾದವು, ಉಳಿದವು ಚೀನಾ, ತೈವಾನ್ ಮೊದಲಾದ ಕಡೆಗಳವು. ದೊಡ್ಡ ಕಂಪನಿಗಳ ಯಂತ್ರಗಳು ಮಾತ್ರವೇ ಅಲ್ಲ, ಮನೆಗಳ ಮತ್ತು ಸಣ್ಣ ಅಂಗಡಿಗಳ ಯಂತ್ರಗಳೂ ಅದರಲ್ಲಿ ಬಹಳವಾಗಿ ಸೇರಿದ್ದವು. ತಮ್ಮ ಯಂತ್ರ ಹೊರಗಿನವರಿಗೆ ಪುಟ ಒದಗಿಸಲು ಬಾಗಿಲು ತೆರೆದುಕೊಂಡು ಕುಳಿತಿದೆಯೆಂಬ ಅರಿವು ಆ ಒಡೆಯರಲ್ಲಿ ಎಷ್ಟೋ ಮಂದಿಗೆ ಇದ್ದಿರಲಾರದು. ಲೋಪವೇ ಇಲ್ಲದ ಕೆಲವು ಸಾಧನಗಳೂ ಪಾಡುಪಟ್ಟವು. ಜಾಲಕ್ಕೆ ಜೋಡಿಸಿದ್ದ ಮುದ್ರಣಯಂತ್ರಗಳು, ಸಂದೇಶಗಳಿಗೆ ದಾರಿ ತೋರುವ ಸಾಧನಗಳು ಮುಂತಾದವು ಹುಳುವಿನ ಕೋರಿಕೆ ಬಂದು ಬಡಿದಾಗ, ಅದಕ್ಕೆ ವಶವಾಗದಿದ್ದರೂ, ತಬ್ಬಿಬ್ಬಾಗಿ ನಿಂತುಬಿಟ್ಟವು.

ಗ್ರೀನಿಚ್ಚಿನಲ್ಲಿ ಮಧ್ಯರಾತ್ರಿಯಾಗಿ ಇಪ್ಪತ್ತನೆಯ ತಾರೀಖು ಹುಟ್ಟಿದಾಗ, ನಮ್ಮಲ್ಲಿ ಬೆಳಗಿನ ಐದೂವರೆ. ಪಂಚಾಂಗದ ಪ್ರಕಾರ ಹುಳು ಹರಡುವುದನ್ನು ಬಿಟ್ಟು ಶ್ವೇತಭವನದ ಕಡೆಗೆ ತಿರುಗಿತು. ಆದರೆ ಅದರೊಳಗೆ ಬರೆದಿದ್ದದ್ದು ಭವನದ ಹೆಸರಲ್ಲ, ಅಂಕಿಯ ವಿಳಾಸ. ಅಲ್ಲಿಯವರು ವಿಳಾಸವನ್ನು ಬದಲಿಸಿಕೊಂಡರು. ಬಾಣ ಬರಿದಾದ ಗುರಿಯ ಮೇಲೆ ಬಿತ್ತು. ಹುಳು ಯಂತ್ರದ ಸ್ಮರಣಕೋಶದಲ್ಲಿ ಮಾತ್ರ ಇರುತ್ತಿದ್ದುದರಿಂದ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಅದು ಹೋಗಿಬಿಡುತ್ತಿತ್ತು. ಆದರೆ ತೇಪೆ ಹಾಕದೆ ಹಚ್ಚಿದರೆ ಲೋಪ ಹಾಗೆಯೇ ಉಳಿದು, ಹುಳು ಮತ್ತೆ ಬರಲು ಅಡ್ಡಿಯಿರಲಿಲ್ಲ. ಆಗಸ್ಟ್ 1ರಂದು ಆದದ್ದೂ ಇದೇ. ಗಡಿಯಾರ ಸರಿಯಿಲ್ಲದ ಕೆಲವು ಯಂತ್ರಗಳಲ್ಲಿ ಇಪ್ಪತ್ತನೆಯ ತಾರೀಖು ಬಂದೇ ಇರಲಿಲ್ಲ. ಹುಳು ಅಲ್ಲಿ ಬದುಕಿಕೊಂಡಿತ್ತು. ಹೊಸ ತಿಂಗಳು ಹುಟ್ಟುತ್ತಲೇ ಆ ಕೆಲವರಿಂದ ಹೊರಟು ಲಕ್ಷಗಟ್ಟಲೆ ಯಂತ್ರಗಳನ್ನು ಅದು ಮತ್ತೊಮ್ಮೆ ಮುತ್ತಿತು.

ಆಗಸ್ಟ್ 4ರಂದು ಮೂರನೆಯದೊಂದು ಬಂತು. ಅದನ್ನು ಕೋಡ್ ರೆಡ್ ಎರಡು ಎಂದು ಕರೆದರೂ, ಪಂಡಿತರ ಮಾತಿನಲ್ಲಿ ಹೇಳುವುದಾದರೆ ಅದು ಪಾಠಾಂತರವಲ್ಲ. ಅದೇ ವಸ್ತುವಿನ ಮೇಲೆ ಬೇರೊಬ್ಬ ಬರೆದ ಬೇರೆ ಕಾವ್ಯ. ಹೊಕ್ಕ ಬಾಗಿಲು ಮಾತ್ರ ಅದೇ. ಎನ್ ಅಕ್ಷರದ ಹೊಟ್ಟಿನ ಬದಲು ಎಕ್ಸ್ ಅಕ್ಷರದ ಹೊಟ್ಟು. ಇದರ ನಡಿಗೆಯೂ ಹೊಸ ಬಗೆಯದು. ಎಂಟು ಸಲ ವಿಳಾಸ ಆರಿಸುವಾಗ ಸರಾಸರಿ ಒಂದು ಸಲ ಮಾತ್ರ ಎಲ್ಲಿಯೋ ಕಣ್ಣುಮುಚ್ಚಿ ಹೋಗುತ್ತಿತ್ತು. ನಾಲ್ಕು ಸಲ ತಾನಿರುವ ಯಂತ್ರದ ವಿಳಾಸದ ಮೊದಲ ಕಾಲುಭಾಗ ಹೊಂದುವ ಕಡೆಗೆ. ಮೂರು ಸಲ ಮೊದಲ ಅರ್ಧವೇ ಹೊಂದುವ ಕಡೆಗೆ. ಎಂದರೆ, ಹೆಚ್ಚಾಗಿ ನೆರೆಹೊರೆಯನ್ನೇ ಹುಡುಕುತ್ತಿತ್ತು.

ಇದರಲ್ಲಿ ಚಾತುರ್ಯವಿತ್ತು. ವಿಳಾಸಗಳನ್ನು ಸಂಸ್ಥೆಗಳಿಗೆ ಗೊಂಚಲು ಗೊಂಚಲಾಗಿ ಹಂಚುವುದು ವಾಡಿಕೆ. ಒಂದು ಕಚೇರಿಯ ಯಂತ್ರಗಳ ವಿಳಾಸಗಳು ಅಕ್ಕಪಕ್ಕದಲ್ಲಿರುತ್ತವೆ. ಅವನ್ನು ನೋಡಿಕೊಳ್ಳುವವನೂ ಒಬ್ಬನೇ. ಒಂದಕ್ಕೆ ತೇಪೆ ಹಾಕುವುದನ್ನು ಮರೆತವನು ಪಕ್ಕದ್ದಕ್ಕೂ ಮರೆತಿರುವ ಸಂಭವ ಹೆಚ್ಚು. ಅಲ್ಲದೆ, ಹೊರಗಿನವರನ್ನು ತಡೆಯಲು ಕೋಟೆ ಕಟ್ಟಿಕೊಂಡ ಸಂಸ್ಥೆಗಳು ಒಳಗಿನವರನ್ನು ಶಂಕಿಸುವುದು ಕಡಿಮೆ. ಕೋಟೆಯೊಳಗೆ ಹೇಗೋ ಒಂದು ಸಲ ನುಸುಳಿದರೆ ಸಾಕು, ಗುಡಿಸಲ ಸಾಲಿಗೆ ಕಿಡಿ ಬಿದ್ದಂತೆ. ಇಷ್ಟೇ ಅಲ್ಲದೆ ಈ ಹುಳು ಯಂತ್ರದ ಡಿಸ್ಕಿನ ಮೇಲೆ ಒಂದು ಹಿತ್ತಲ ಬಾಗಿಲನ್ನು ಮಾಡಿಡುತ್ತಿತ್ತು. ಆರಿಸಿ ಹಚ್ಚಿದರೂ ಅದು ಹೋಗುತ್ತಿರಲಿಲ್ಲ. ಅದೇ ಸೆಪ್ಟೆಂಬರ್ 18ರಂದು ಹೊರಬಂದ ನಿಮ್ಡಾ ಎಂಬ ಇನ್ನೊಂದು ಹುಳು, ತನ್ನ ಹಲವು ದಾರಿಗಳಲ್ಲಿ ಒಂದಾಗಿ ಈ ಹಿತ್ತಲ ಬಾಗಿಲನ್ನೂ ಬಳಸಿಕೊಂಡಿತು. ಒಬ್ಬ ಕಳ್ಳ ತೆರೆದಿಟ್ಟುಹೋದ ಬಾಗಿಲಲ್ಲಿ ಎರಡನೆಯ ಕಳ್ಳ ಹೊಕ್ಕಂತಾಯಿತು.

ಈಗ ಜೂನ್ 18ರ ತಾರೀಖಿಗೆ ಹಿಂದಿರುಗೋಣ. ತೇಪೆ ಹೊರಬಂದ ಮೂವತ್ತೊಂದನೆಯ ದಿನ ಹುಳು ಲೋಕವನ್ನು ಮುತ್ತಿತು. ಮದ್ದಿಲ್ಲದ ರೋಗದಿಂದ ಲೋಕ ನರಳಲಿಲ್ಲ. ಮದ್ದನ್ನು ಕಪಾಟಿನಲ್ಲಿಟ್ಟುಕೊಂಡು ನರಳಿತು. ‘ನನ್ನ ಯಂತ್ರದಲ್ಲಿ ಕದಿಯುವಂಥದ್ದು ಏನಿದೆ? ನಾಲ್ಕು ಪತ್ರ, ಹತ್ತು ಪಟ. ಅದಕ್ಕೇಕೆ ಇಷ್ಟು ಜೋಪಾನ?’ ಎಂದು ಕೇಳುವವರು ಈಗಲೂ ಇದ್ದಾರೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹುಳುವಿಗೆ ಬೇಕಾದದ್ದು ನಿಮ್ಮ ಮನೆಯ ಒಡವೆಯಲ್ಲ, ನಿಮ್ಮ ಮನೆಯ ಜಗಲಿ. ಅಲ್ಲಿ ನಿಂತು ಅದು ಮುಂದಿನ ಮನೆಯ ಬಾಗಿಲನ್ನು ತಟ್ಟುತ್ತದೆ. ಹುಳುವಿಗೆ ತನ್ನ ಕಾಲಿಲ್ಲ. ತೆರೆದ ಯಂತ್ರಗಳೇ ಅದರ ಕಾಲುಗಳು.

ಇದನ್ನು ಲೆಕ್ಕದಿಂದಲೂ ತೋರಿಸಬಹುದು. ಆ ಜುಲೈನಲ್ಲಿ ಲೋಪವುಳ್ಳ ಯಂತ್ರಗಳ ಒಡೆಯರಲ್ಲಿ ಅರ್ಧದಷ್ಟು ಮಂದಿ ಮಾತ್ರ ತೇಪೆ ಹಾಕಿದ್ದರೆ ಏನಾಗುತ್ತಿತ್ತು? ಉಳಿದರ್ಧ ಹೇಗೂ ಹಾಳಾಗುತ್ತಿತ್ತು ಎಂದು ತೋರುವುದು ಸಹಜ. ಹಾಗಲ್ಲ. ತೆರೆದ ಬಾಗಿಲುಗಳು ಅರ್ಧವಾದರೆ ಹುಳುವಿಗೆ ಒಂದು ಬಾಗಿಲು ಸಿಗಲು ಎರಡರಷ್ಟು ಹೊತ್ತು ಬೇಕು. ಮೂವತ್ತೇಳು ನಿಮಿಷಕ್ಕೆ ಆಗುತ್ತಿದ್ದ ಇಮ್ಮಡಿ ಎಪ್ಪತ್ತನಾಲ್ಕು ನಿಮಿಷಕ್ಕೆ ಹೋಗುತ್ತದೆ. ಹದಿನಾಲ್ಕು ಗಂಟೆಯಲ್ಲಿ ಅಂಥ ಇಮ್ಮಡಿಗಳು ಹನ್ನೊಂದೇ ಆಗುವುದು. ಒಂದು ಯಂತ್ರದಿಂದ ಹೊರಟಿತೆಂದು ಇಟ್ಟುಕೊಂಡರೆ, ಇಪ್ಪತ್ತನೆಯ ತಾರೀಖು ಹುಟ್ಟುವ ಹೊತ್ತಿಗೆ ಅದರ ವಶವಾಗುತ್ತಿದ್ದವು ಎರಡು ಮೂರು ಸಾವಿರ ಯಂತ್ರಗಳು. ಮೂರೂವರೆ ಲಕ್ಷವಲ್ಲ, ಅದರ ಅರ್ಧವೂ ಅಲ್ಲ. ಬಾಗಿಲು ಹಾಕಿಕೊಂಡವನು ತನ್ನನ್ನು ಉಳಿಸಿಕೊಂಡದ್ದಲ್ಲದೆ, ಬಾಗಿಲು ಹಾಕದೆ ಮಲಗಿದ್ದ ನೆರೆಯವನಿಗೂ ಏಳಲು ಸಮಯವನ್ನು ದೊರಕಿಸಿಕೊಟ್ಟಂತಾಗುತ್ತಿತ್ತು.

ಆಮೇಲೆ ಬಂದ ಹುಳುಗಳೂ ಇದೇ ಪಾಠವನ್ನು ಹೇಳಿವೆ. 2003ರ ಜನವರಿ 25ರಂದು ಹೊರಟ ಸ್ಲ್ಯಾಮರ್ ಹುಳುವಿನ ಉದ್ದ 376 ಬೈಟು ಮಾತ್ರ. ಈ ಲೇಖನದ ಒಂದು ಸಣ್ಣ ಪ್ಯಾರಾದಷ್ಟೂ ಇಲ್ಲ. ಮೊದಮೊದಲು ಅದು ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತ, ಲೋಪವುಳ್ಳ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತು ನಿಮಿಷದೊಳಗೆ ಹಿಡಿಯಿತು. ಅದರ ತೇಪೆ ಬಂದು ಆಗಲೇ ಆರು ತಿಂಗಳಾಗಿತ್ತು. 2017ರ ಮೇ 12ರಂದು ವಾನಾಕ್ರೈ ಎಂಬ ಹುಳು ಸುಮಾರು 150 ದೇಶಗಳಲ್ಲಿ ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊಟ್ಟಿದ್ದ 6,900ಕ್ಕೂ ಹೆಚ್ಚು ಭೇಟಿಗಳು ರದ್ದಾದವು. ಕೆಲವೆಡೆ ತುರ್ತು ವಾಹನಗಳನ್ನೇ ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು. ಅದರ ತೇಪೆ ಮಾರ್ಚ್ 14ರಂದೇ ಬಂದಿತ್ತು. ಆ ಹುಳು ಹೊರಡುವ ಮುನ್ನ ಒಂದು ಜಾಲನಾಮ ಇದೆಯೇ ಎಂದು ವಿಚಾರಿಸಿ, ಇದ್ದರೆ ನಿಂತುಬಿಡುತ್ತಿತ್ತು. ಸಂಶೋಧಕನೊಬ್ಬ ಇದನ್ನು ಗಮನಿಸಿ ಆ ಹೆಸರನ್ನು ನೋಂದಾಯಿಸಿದಾಗ ಹುಳು ತಣ್ಣಗಾಯಿತು. ಕೆಲವೇ ದಿನಗಳಲ್ಲಿ ಬೇರೆ ಹೆಸರನ್ನು ವಿಚಾರಿಸುವ ಪಾಠಾಂತರ ಬಂತು. ಒಂದು ಪ್ರತಿಯನ್ನು ಹಿಡಿದು ಕಟ್ಟಿಹಾಕಿದೆವೆಂದು ನಿಶ್ಚಿಂತರಾಗುವಂತಿಲ್ಲ, ಲೋಪವನ್ನೇ ಮುಚ್ಚಬೇಕು. ಲೋಪ ಮುಚ್ಚಿದರೆ, ಅದನ್ನೇ ನಂಬಿದ ಪಾಠಾಂತರಗಳು ಎಷ್ಟು ಬಂದರೂ ಬಾಗಿಲಲ್ಲೇ ನಿಲ್ಲುತ್ತವೆ.

ಇದಕ್ಕೆ ಮಹಾ ಪಾಂಡಿತ್ಯವೇನೂ ಬೇಡ. ಇಂದು ಯಂತ್ರವೂ ಕೈಫೋನೂ ಹೊಸ ತೇಪೆ ಬಂದಾಗ ತಾವೇ ತಿಳಿಸುತ್ತವೆ. ನಾಳೆ ನೋಡೋಣವೆಂದು ಆ ಸೂಚನೆಯನ್ನು ಬದಿಗೆ ಸರಿಸುವ ಅಭ್ಯಾಸವನ್ನು ಬಿಟ್ಟರೆ ಅರ್ಧ ಕೆಲಸವಾಯಿತು. ತೇಪೆ ಹಾಕಿದ ಮೇಲೆ ಯಂತ್ರವನ್ನು ಆರಿಸಿ ಹಚ್ಚಲು ಕೇಳಿದರೆ ಹಾಗೆಯೇ ಮಾಡಬೇಕು. ಎಷ್ಟೋ ತೇಪೆಗಳು ಅಲ್ಲಿಯವರೆಗೆ ಪೂರ್ತಿ ಕೂರುವುದಿಲ್ಲ. ಬಳಸದ ಸೌಕರ್ಯಗಳನ್ನು, ಬಲ್ಲವರನ್ನು ಕೇಳಿ, ಮುಚ್ಚಿಸಬೇಕು. ತಯಾರಕರು ತೇಪೆ ಕೊಡುವುದನ್ನೇ ನಿಲ್ಲಿಸಿಬಿಟ್ಟ ಹಳೆಯ ಯಂತ್ರವಿದ್ದರೆ ಅದನ್ನು ಜಾಲಕ್ಕೆ ಜೋಡಿಸದೆ ಬಳಸುವುದು ಮೇಲು. ಬೇಕಾದ ಕಡತಗಳ ಒಂದು ಪ್ರತಿಯನ್ನು ಯಂತ್ರದಿಂದ ಬೇರೆಯಾಗಿ ತೆಗೆದಿಡಬೇಕು. ಶಾಲೆ, ಗ್ರಂಥಾಲಯ, ಸಹಕಾರ ಸಂಘಗಳಲ್ಲಿ ಈ ಕೆಲಸ ಯಾರದೆಂದು ಒಬ್ಬರ ಹೆಸರನ್ನು ಗೊತ್ತುಮಾಡಬೇಕು. ಎಲ್ಲರದೂ ಆದ ಕೆಲಸ ಯಾರದೂ ಅಲ್ಲವಾಗುತ್ತದೆ.

ಕೆರೆಯ ನೀರನ್ನು ಊರೆಲ್ಲ ಕುಡಿಯುವಾಗ ಕೆರೆಯ ಶುಚಿ ಒಬ್ಬನ ಸ್ವಂತ ವಿಷಯವಾಗುವುದಿಲ್ಲ. ಜಾಲಕ್ಕೆ ಜೋಡಿಸಿದ ಯಂತ್ರವೂ ಹಾಗೆಯೇ. ಅದು ನಮ್ಮ ಮೇಜಿನ ಮೇಲೆ ಇರುವುದು ನಿಜ. ಆದರೆ ಅದರ ಬಾಗಿಲು ಲೋಕದ ಬೀದಿಗೆ ತೆರೆದಿದೆ. ಹುಳುವನ್ನು ಬರೆಯುವವನು ಎಲ್ಲಿಯೋ ಒಬ್ಬನಿರಬಹುದು. ಅದನ್ನು ನಡೆಸುವವರು, ತಿಳಿಯದೆಯೇ, ಲಕ್ಷ ಮಂದಿ. ಆ ಲಕ್ಷದಲ್ಲಿ ನಾವು ಸೇರದಿರುವುದು ನಮ್ಮ ಕೈಯಲ್ಲಿಯೇ ಇದೆ.